ದೆವ್ವ ಬಿಡಿಸುವ ಸಿನಿಮಾ ಕಾಲೇಜಿನಲ್ಲಿ ತೋರಿಸಬೇಕೆ?

ಪ್ರಶ್ನೆ: 'ದಿ ಎಕ್ಸಾರ್ಸಿಸ್ಟ್' ಎಂಬ ಇಂಗ್ಲಿಷ್ ಚಿತ್ರವನ್ನು ಪದವಿ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲೇ ತೋರಿಸಬಹುದೆ?

ಪರ: ತೋರಿಸಿ, ಪೂರ್ತಿ ತೋರಿಸಿ
(ಉಪನ್ಯಾಸಕಿ, ವಿರಾಜಪೇಟೆ)

ಈ ಚಿತ್ರದ ಹೆಸರೆತ್ತಿದರೆ ಸಾಕು, ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು "ಅದಾ? ತಲೆ ಹಿಂದಕ್ಕೆ ತಿರುಗುತ್ತಲ್ಲ, ಹಸಿರು ವಾಂತಿ" ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ನೋಡಿರುವುದು ಮೊಬೈಲಿನಲ್ಲಿ ಬಂದ ತುಣುಕು. ನಮ್ಮ ಹುಡುಗ ಹುಡುಗಿಯರೂ ಅದನ್ನೇ ನೋಡಿದ್ದಾರೆ. ತುಣುಕು ನೋಡಿದವರಿಗೆ ಉಳಿಯುವುದು ಹೆದರಿಕೆ ಮಾತ್ರ, ಕಥೆಯಲ್ಲ. ಹಾಗಾಗಿಯೇ ಪೂರ್ತಿ ತೋರಿಸಿ ಎನ್ನುತ್ತೇನೆ.

ಚಿತ್ರ ಬಿಡುಗಡೆಯಾಗಿದ್ದು 1973ರ ಡಿಸೆಂಬರಿನಲ್ಲಿ. ನಿರ್ದೇಶಕ ವಿಲಿಯಂ ಫ್ರೀಡ್‌ಕಿನ್. 1971ರಲ್ಲಿ ಬಂದ ತಮ್ಮದೇ ಕಾದಂಬರಿಗೆ ವಿಲಿಯಂ ಪೀಟರ್ ಬ್ಲಾಟಿ ಚಿತ್ರಕಥೆ ಬರೆದರು. 10 ಆಸ್ಕರ್ ನಾಮನಿರ್ದೇಶನಗಳಲ್ಲಿ 2 ಪ್ರಶಸ್ತಿ ಬಂತು, ಒಂದು ಚಿತ್ರಕಥೆಗೆ, ಇನ್ನೊಂದು ಧ್ವನಿಗೆ. ದೆವ್ವದ ಚಿತ್ರವೊಂದು ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಹೋಗಿದ್ದು ಅದೇ ಮೊದಲು. ದೆವ್ವಕ್ಕೆ ದನಿ ಕೊಟ್ಟ ಮರ್ಸಿಡಿಸ್ ಮೆಕೇಂಬ್ರಿಜ್ ಹಸಿ ಮೊಟ್ಟೆ ನುಂಗಿ, ಸಿಗರೇಟು ಸೇದಿ ಗಂಟಲು ಒರಟು ಮಾಡಿಕೊಂಡಿದ್ದರು. ಕೋಣೆಯ ಸೆಟ್ಟನ್ನೇ ಮರಗಟ್ಟುವಷ್ಟು ತಣ್ಣಗೆ ಮಾಡಿದ್ದರಿಂದ ನಟರ ಬಾಯಿಂದ ಹೊಗೆಯಾಗಿ ಬರುವುದು ನಿಜವಾದ ಉಸಿರು. ಭಯವನ್ನು ಹೀಗೆ ಕೈಯಾರೆ ಕಟ್ಟುತ್ತಾರೆ ಎಂದು ತಿಳಿದ ಹುಡುಗಿ ಮುಂದೆ ಯಾರದೋ ಹೊಗೆ, ಗಂಟೆ, ನಿಂಬೆಹಣ್ಣು ನೋಡಿ ಸುಲಭಕ್ಕೆ ಮೋಸಹೋಗುವವಳಲ್ಲ.

ಕಥೆಯಲ್ಲಿ ರೇಗನ್ ಎಂಬ 12 ವರ್ಷದ ಹುಡುಗಿ ಮೈಮೇಲೆ ದೆವ್ವ ಬಂದಂತೆ ಬದಲಾಗತೊಡಗಿದಾಗ ಅವಳ ತಾಯಿ ಮೊದಲು ಓಡುವುದು ಡಾಕ್ಟರ ಹತ್ತಿರ. ತಾಯಿ ನಟಿ, ದೇವರನ್ನು ನಂಬುವವಳಲ್ಲ. ಡಾಕ್ಟರು ರಿಟಾಲಿನ್ ಮಾತ್ರೆ ಬರೆದುಕೊಡುತ್ತಾರೆ. ಆಮೇಲೆ ಮೆದುಳಿನ ಪರೀಕ್ಷೆ. ಹುಡುಗಿಯನ್ನು ಮೇಜಿನ ಮೇಲೆ ಮಲಗಿಸಿ ಕತ್ತಿಗೆ ಸೂಜಿ ಚುಚ್ಚುವಾಗ ರಕ್ತ ಚಿಮ್ಮುತ್ತದೆ, ಯಂತ್ರ ಗಡಗಡ ಸದ್ದು ಮಾಡುತ್ತದೆ. ಇಡೀ ಚಿತ್ರದಲ್ಲಿ ನನಗೆ ಕಣ್ಣು ಮುಚ್ಚಿಕೊಳ್ಳುವಂತಾಗುವುದು ಆ ದೃಶ್ಯದಲ್ಲಿ, ಅಲ್ಲಿ ದೆವ್ವವೇ ಇಲ್ಲ. ಕೊನೆಗೆ ಬರುವ ಪಾದ್ರಿ ಕರಾಸ್ ಸ್ವತಃ ಮನೋವೈದ್ಯ. ದೆವ್ವ ಬಿಡಿಸಬೇಕಾದರೆ ಹದಿನಾರನೇ ಶತಮಾನಕ್ಕೆ ಹೋಗಬೇಕಾಗುತ್ತದೆ ಎಂದು ತಾಯಿಗೆ ಹೇಳುವವನು ಅವನೇ. ಹುಡುಗಿಯ ಮೇಲೆ ನೀರು ಚಿಮುಕಿಸಿ ಪವಿತ್ರ ಜಲ ಎನ್ನುತ್ತಾನೆ, ಅವಳು ಸುಟ್ಟಂತೆ ಕಿರುಚುತ್ತಾಳೆ. ಅದು ಬರೀ ನಲ್ಲಿ ನೀರು. ಇಷ್ಟು ಎಚ್ಚರದ ಚಿತ್ರವನ್ನು ಮೂಢನಂಬಿಕೆಯ ಪ್ರಚಾರ ಎನ್ನುವುದು ಸರಿಯಲ್ಲ.

ಮೈಮೇಲೆ ಬರುವುದು ನಮ್ಮ ಕೊಡಗಿನ ಮಕ್ಕಳಿಗೆ ಹೊಸದೂ ಅಲ್ಲ. ಕುಟ್ಟಿಚಾತನ ತೆರೆ, ಅಂದರೆ ಬಣ್ಣ ಬಳಿದು ವೇಷ ಕಟ್ಟಿದವರ ಮೈಮೇಲೆ ದೈವ ಬರುವ ಆಚರಣೆ, ನೋಡುತ್ತಲೇ ಬೆಳೆದವರು ಅವರು. ತೆರೆಗೆ ಗೊತ್ತಾದ ದಿನವಿದೆ, ಜಾಗವಿದೆ, ಕಟ್ಟುವವರಿದ್ದಾರೆ. ಬೆಳಗಾದ ಮೇಲೆ ಬಣ್ಣ ತೊಳೆದು ಅವರೂ ಮನೆಗೆ ಹೋಗುತ್ತಾರೆ. ಚಿತ್ರ ನೋಡಿದವರೆಲ್ಲ ಮಂತ್ರವಾದಿಯ ಮನೆಗೆ ಓಡುತ್ತಾರೆ ಎಂಬ ವಾದ ಒಪ್ಪಿದರೆ ಯಕ್ಷಗಾನದ ಮಹಿಷಾಸುರನನ್ನೂ ರಂಗದಿಂದ ಇಳಿಸಬೇಕಾದೀತು.

ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನನ್ನ ಅವ್ವ. ಬಿರುನಾಣಿ ಕಡೆಯ ನಮ್ಮ ಮನೆಯಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದರೆ ಹೊರಗೆ ಕಾಲಿಡುವಂತಿಲ್ಲ. ಅಂಥದೊಂದು ಸಂಜೆ ನನ್ನ ತಮ್ಮ ಲ್ಯಾಪ್‌ಟಾಪಿನಲ್ಲಿ ಈ ಚಿತ್ರ ಹಾಕಿದ. ಅವ್ವ ಪಕ್ಕದಲ್ಲಿ ಕಣಿಲೆ ಹೆಚ್ಚುತ್ತಾ ಕೂತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ನಾನು ಹೇಳುತ್ತಾ ಹೋದೆ. ಡಾಕ್ಟರುಗಳೆಲ್ಲ ಎಕ್ಸ್‌ರೇ ಹಾಳೆಯ ಮುಂದೆ ನಿಂತು ಮಾತಾಡುವ ದೃಶ್ಯಕ್ಕೆ ಬರುವ ಹೊತ್ತಿಗೆ ಅವಳ ಕತ್ತಿ ನಿಂತಿತ್ತು.

"ನೋಡು, ಒಬ್ಬನೂ ಆ ತಾಯಿಯ ಮುಖ ನೋಡ್ತಾ ಇಲ್ಲ" ಎಂದಳು.

ನನ್ನ ಅಕ್ಕ ಪಿಯುಸಿಯಲ್ಲಿದ್ದಾಗ ಇದ್ದಕ್ಕಿದ್ದಂತೆ ಮಾತು ಬಿಟ್ಟಿದ್ದಳು. ಊಟ ಬಿಟ್ಟಳು, ರಾತ್ರಿಯೆಲ್ಲ ಗೋಡೆ ನೋಡುತ್ತಾ ಕೂರುತ್ತಿದ್ದಳು. ಆಗ ನಾನು ಚಿಕ್ಕವಳು, ಅಕ್ಕನಿಗೆ ಜ್ವರ ಎಂದಷ್ಟೇ ನನಗೆ ಹೇಳಿದ್ದರು. ಅವ್ವ ಅವಳನ್ನು ಕರೆದುಕೊಂಡು ಮೈಸೂರಿಗೆ ಎಷ್ಟು ಸಲ ಬಸ್ಸು ಹತ್ತಿದಳು, ಆಸ್ಪತ್ರೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಳು, ಯಾವ ಡಾಕ್ಟರು ಏನೆಂದು ಗದರಿದರು, ಎಲ್ಲವನ್ನೂ ಆ ಸಂಜೆ ಮೊದಲ ಸಲ ಹೇಳಿದಳು. ಕುಟ್ಟದ ಆಚೆ ಹೋಗಿ ನೂಲು ಕಟ್ಟಿಸಿಕೊಂಡು ಬಂದಿದ್ದನ್ನೂ ಹೇಳಿದಳು. ಅಪ್ಪ ಅದಕ್ಕೆ ಬೈದಿದ್ದರಂತೆ. "ಯಾರು ಏನು ಹೇಳಿದರೂ ಮಾಡ್ತಿದ್ದೆ, ಅವಳು ಒಂದು ಮಾತಾಡಿದರೆ ಸಾಕಿತ್ತು" ಎಂದಳು. ಅಕ್ಕ ಮಾತ್ರೆ ತೆಗೆದುಕೊಂಡು ಗುಣವಾದಳು. ಈಗ ಗೋಣಿಕೊಪ್ಪಲಿನಲ್ಲಿ ಸಂಸಾರ, ಎರಡು ಮಕ್ಕಳು. ಆದರೆ ಆ ವರ್ಷದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡಿಸಿದ್ದು ಈ ಚಿತ್ರ.

ನಮ್ಮ ತರಗತಿಗಳಲ್ಲಿ ಅಂಥ ಅಕ್ಕಂದಿರು, ತಂಗಿಯರು ಇದ್ದಾರೆ. ಮಗಳು ಮಗಳಂತೆ ಕಾಣದಿದ್ದಾಗ ಮನೆಯವರು ಏನು ಮಾಡಬೇಕು, ಯಾರ ಹತ್ತಿರ ಹೋಗಬೇಕು ಎಂದು 18 ದಾಟಿದ ಮಕ್ಕಳು ಕೂತು ಮಾತಾಡಲಿ. ಆ ಮಾತು ಶುರುಮಾಡಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ.

ವಿರೋಧ: ಕಾಲೇಜು ಕರೆದು ತೋರಿಸುವುದು ಬೇಡ
(ನಿವೃತ್ತ ಹಿರಿಯ ಆರೋಗ್ಯ ಸಹಾಯಕ, ಸೋಮವಾರಪೇಟೆ)

"ನೀವು ಆರೋಗ್ಯ ಇಲಾಖೆಯಲ್ಲಿದ್ದವರು, ವಿರೋಧದ ಕಡೆ ನೀವೇ ಬರೆಯಬೇಕು" ಎಂದರು ಈ ಚರ್ಚೆ ನಡೆಸುವವರು. ಒಪ್ಪಿಕೊಂಡೆ. ಚಿತ್ರ ಚೆನ್ನಾಗಿದೆ ಎಂಬುದರಲ್ಲಿ ನನ್ನ ತಕರಾರಿಲ್ಲ. ನಿಷೇಧಿಸಿ ಎಂದೂ ಹೇಳುವುದಿಲ್ಲ, ಮನೆಯಲ್ಲಿ ನೋಡುವವರು ನೋಡಲಿ. ಕಾಲೇಜೇ ಕರೆದು ಕೂರಿಸಿ ತೋರಿಸಿದರೆ ಅದಕ್ಕೊಂದು ಮುದ್ರೆ ಬಿದ್ದಂತಾಗುತ್ತದೆ. ನನ್ನ ವಿರೋಧ ಅದಕ್ಕೆ.

ಕಥೆಯಲ್ಲಿ ಡಾಕ್ಟರುಗಳು ಸೋಲುತ್ತಾರೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ದೆವ್ವ ಬಿಡಿಸುವ ವಿಧಿ ಮಾಡಿಸಿ ನೋಡಿ ಎಂದು ಸೂಚಿಸುವವರೂ ಡಾಕ್ಟರುಗಳೇ. ಗೆಲ್ಲುವುದು ಪಾದ್ರಿಗಳು. ಕಲೆ, ಕ್ಯಾಮೆರಾ, ಧ್ವನಿ ಎನ್ನುವವರು ಅದನ್ನೇ ನೋಡುತ್ತಾ ಕೂರಬಹುದು. ನೋಡುವ ಹುಡುಗನ ತಲೆಯಲ್ಲಿ ಉಳಿಯುವುದು ಡಾಕ್ಟರು ಸೋತರು ಎಂಬುದು.

ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಗೆ ಭೇಟಿ ಕೊಡುವುದು ನನ್ನ ಕೆಲಸವಾಗಿತ್ತು. ಮಗುವಿಗೆ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕುವುದು, ಆಮೇಲೆ ಗಾಳಿ ಸೋಕಿದೆ ಎಂದು ಮಂತ್ರವಾದಿಯ ಹತ್ತಿರ ಕರೆದೊಯ್ಯುವುದು ಎಲ್ಲ ಕಡೆ ಇತ್ತು. ಒಂದು ಮನೆಯಲ್ಲಿ ಹೈಸ್ಕೂಲು ಹುಡುಗಿಯ ಎರಡೂ ಮುಂಗೈಯಲ್ಲಿ ಕಪ್ಪು ನೂಲು, ಹಣೆಯಲ್ಲಿ ಬಿದ್ದ ಗಾಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಮಾತ್ರೆ ಎಲ್ಲಿ ಎಂದು ಕೇಳಿದೆ. ತಾಯಿ ದೇವರ ಪಟದ ಹಿಂದಿನಿಂದ ಪೊಟ್ಟಣ ತೆಗೆದು ತೋರಿಸಿದರು. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ. ನೂಲು ಕಟ್ಟಿದವರು ಮಾತ್ರೆ ಮುಟ್ಟಬೇಡಿ ಎಂದಿದ್ದರಂತೆ. ಫಿಟ್ಸ್ ಮಾತ್ರೆಗೆ ಬಗ್ಗುವ ಕಾಯಿಲೆ. ದಿನಾ ತಪ್ಪದೆ ತೆಗೆದುಕೊಂಡರೆ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ. ತಪ್ಪಿಸಿದರೆ ಬರುವುದಿಲ್ಲ.

ಇನ್ನೊಂದು ಕಾಯಿಲೆ ಇದೆ, ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್. ಮೈಯ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ತಿರುಗಿ ಬೀಳುತ್ತದೆ. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ ಬರುತ್ತದೆ. ಸ್ವಭಾವ ಬದಲಾಗುತ್ತದೆ, ಇಲ್ಲದ್ದು ಕಾಣುತ್ತದೆ, ಬಾಯಿ, ಕೈಕಾಲು ತಾವಾಗಿ ಆಡುತ್ತವೆ. ನೋಡಿದವರು ದೆವ್ವ ಎಂದೇ ಹೇಳಬೇಕು, ಹಾಗಿರುತ್ತದೆ. ವೈದ್ಯರು ಇದನ್ನು ಗುರುತಿಸಿದ್ದು 2007ರಲ್ಲಿ. ಬೇಗ ಹಿಡಿದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಬೇಗ ಎಂಬುದೇ ಮುಖ್ಯ, ನೂಲು ಕಟ್ಟಿಸಿಕೊಂಡು ಕಾಯುವ ಕಾಯಿಲೆ ಅಲ್ಲ.

ಜರ್ಮನಿಯ ಅನೆಲೀಸ್ ಮಿಶೆಲ್ ಪ್ರಕರಣವನ್ನು ಎಲ್ಲರೂ ತಿಳಿಯಬೇಕು. ಆಕೆಗೆ ಮೂರ್ಛೆರೋಗ ಇದೆ ಎಂದು ವೈದ್ಯರು ಹೇಳಿದ್ದರು. ಕೊನೆಗೆ ಔಷಧಿ ಬಿಟ್ಟು, ಇಬ್ಬರು ಪಾದ್ರಿಗಳಿಂದ 67 ಸಲ ದೆವ್ವ ಬಿಡಿಸುವ ವಿಧಿ ನಡೆಯಿತು. ಅನ್ನ ನೀರಿಲ್ಲದೆ ಸೊರಗಿ 1976ರ ಜುಲೈ 1ರಂದು ಸತ್ತಾಗ ಆಕೆಗೆ 23 ವರ್ಷ. 1978ರಲ್ಲಿ ನ್ಯಾಯಾಲಯ ತಂದೆ ತಾಯಿ ಮತ್ತು ಇಬ್ಬರು ಪಾದ್ರಿಗಳನ್ನು ತಪ್ಪಿತಸ್ಥರೆಂದಿತು. ಓದುಬರಹ ಬಲ್ಲ, ಮಗಳನ್ನು ಪ್ರೀತಿಸುತ್ತಿದ್ದ ಮನೆಯದು.

ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಕಾಯ್ದೆ ಆಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ಅಪರಾಧ. ಬ್ರಿಟನ್ನಿನಲ್ಲಿ ಈ ಚಿತ್ರದ ವಿಡಿಯೋ 1999ರವರೆಗೆ ಹತ್ತು ವರ್ಷಕ್ಕೂ ಮಿಕ್ಕಿ ಅಂಗಡಿಗೆ ಬಾರದಂತೆ ತಡೆದಿದ್ದರು. ನಾನು ಅಷ್ಟು ದೂರ ಹೋಗುವುದಿಲ್ಲ.

ಕಾಲೇಜಿನವರು ತೋರಿಸಿಯೇ ಸಿದ್ಧ ಎಂದಾದರೆ ಮಡಿಕೇರಿ ಆಸ್ಪತ್ರೆಯ ಮನೋವೈದ್ಯರನ್ನು ಕರೆಸಿ, ಚಿತ್ರಕ್ಕೆ ಮೊದಲು ಅವರು ಮಾತಾಡಲಿ. ಮುಗಿದ ಮೇಲೆ ಬೇಡ, ಅಷ್ಟು ಹೊತ್ತಿಗೆ ಮಕ್ಕಳು ಬಸ್ಸಿಗೆ ಓಡಿರುತ್ತಾರೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.