ಆ ಒಂದು ಸಾಲು ಹಾಕಿದವರ ಮೇಲೆ ನನ್ನ ಸಿಟ್ಟು

ಎರಡು ದಿನ ಹಾಳಾಯಿತು. ಪ್ರೋಗ್ರಾಂ ‘ಸೇವ್ ಆಯ್ತು’ ಎನ್ನುತ್ತದೆ, ಫೈಲ್ ತೆರೆದರೆ ಹಳೆಯ ಡೇಟಾ. ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ. ನನ್ನ ಲಾಜಿಕ್ಕೇ ತಪ್ಪಿರಬೇಕು ಎಂದುಕೊಂಡು ಕೋಡನ್ನೆಲ್ಲ ಸಾಲು ಸಾಲಾಗಿ ಓದಿದೆ. ನಿದ್ದೆ ಕೆಟ್ಟಿದ್ದು ಬೇರೆ.

ಕೊನೆಗೆ ಕಾರಣ ಸಿಕ್ಕಿದ್ದು ಮೇನ್ ಫೈಲ್‌ನ ಮೊದಲ ಸಾಲಿನಲ್ಲಿ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಾಜೆಕ್ಟ್ ಇದು. ನನಗಿಂತ ಮುಂಚೆ ಇದ್ದವರು ಯಾರೋ ಇಡೀ ಕ್ರೇಟ್‌ಗೆ (ಒಟ್ಟಿಗೆ ಕಂಪೈಲ್ ಆಗುವ ಕೋಡಿನ ಕಟ್ಟು) ‘ಅಲೋ ಅನ್‌ಯೂಸ್ಡ್’ ಎಂದು ಹಾಕಿ ಹೋಗಿದ್ದಾರೆ. ಬಳಸದೆ ಬಿಟ್ಟಿದ್ದರ ಬಗ್ಗೆ ವಾರ್ನಿಂಗ್ ಕೊಡಬೇಡ ಎಂದು ಕಂಪೈಲರ್‌ಗೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಸಾಧನಕ್ಕೆ, ಹೇಳುವ ಸಾಲು ಅದು.

ಬಳಸದ ವೇರಿಯಬಲ್ ಬಗ್ಗೆ ಸುಮ್ನೆ ಕಿರಿಕಿರಿ ಯಾಕೆ ಎಂದು ಹಾಕಿರಬಹುದು. ಆದರೆ ಅದು ಒಂದು ವಾರ್ನಿಂಗ್ ಅಲ್ಲ, ವಾರ್ನಿಂಗ್‌ಗಳ ಗುಂಪು! ಡೆಡ್ ಕೋಡ್ (ಎಲ್ಲೂ ಬಳಸದ ಕೋಡ್), ಬಳಸದ ಇಂಪೋರ್ಟ್ (ಹೊರಗಿನಿಂದ ತಂದ ಕೋಡ್) ಜೊತೆಗೆ ‘ಮಸ್ಟ್ ಯೂಸ್’ ವಾರ್ನಿಂಗ್ ಕೂಡ ಅದರೊಳಗೇ ಇದೆ. ಅಂದರೆ ಒಂದು ಫಂಕ್ಷನ್ ಎರರ್ ವಾಪಸ್ ಕೊಟ್ಟು, ಆ ರಿಸಲ್ಟನ್ನು ನಾವು ಕಣ್ಣೆತ್ತಿಯೂ ನೋಡದಿದ್ದರೂ ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ. ಇಲ್ಲಿ ಆಗಿದ್ದೂ ಅದೇ. ಫೈಲ್‌ಗೆ ಬರೆಯಲು ಪರ್ಮಿಷನ್ ಇರಲಿಲ್ಲ. ಎರರ್ ಬಂದಿತ್ತು. ಹಿಡಿಯುವವರೇ ಇರಲಿಲ್ಲ.

ಆ ಸಾಲು ಅಳಿಸಿದೆ. ಪರದೆ ತುಂಬ ಹಳದಿ ವಾರ್ನಿಂಗ್‌ಗಳು. ಅದರ ಮಧ್ಯೆ ನನ್ನ ಬಗ್, ಫೈಲ್ ಹೆಸರು, ಸಾಲಿನ ನಂಬರ್ ಸಮೇತ! ಹೊಟ್ಟೆ ಉರಿಯುವುದಿಲ್ಲವಾ? ಅದರ ಕೆಳಗೇ ಇನ್ನೊಂದು. ಇನ್‌ಪುಟ್ ಸರಿ ಇದೆಯಾ ಎಂದು ನೋಡುವ ಫಂಕ್ಷನ್. ಬರೆದಿದ್ದಾರೆ, ಟೆಸ್ಟೂ ಇದೆ, ಪ್ರೋಗ್ರಾಂನಲ್ಲಿ ಎಲ್ಲೂ ಕರೆದೇ ಇಲ್ಲ. ಯಾವಾಗ ಕೈಬಿಟ್ಟು ಹೋಯಿತೋ ಏನೋ.

ಅರ್ಧ ಬರೆದ ಕೋಡಿನಲ್ಲಿ ಈ ವಾರ್ನಿಂಗ್‌ಗಳ ಕಾಟ ನನಗೂ ಗೊತ್ತು. ಗೋ ಭಾಷೆಯಲ್ಲಂತೂ ಬಳಸದ ಇಂಪೋರ್ಟ್ ಇದ್ದರೆ ಕಂಪೈಲೇ ಆಗುವುದಿಲ್ಲ. ರಸ್ಟ್ ಅಷ್ಟು ಹಟ ಮಾಡುವುದಿಲ್ಲ, ಅಲ್ವಾ? ಬೇಡದ ವಾರ್ನಿಂಗನ್ನು ಆ ಒಂದು ಫಂಕ್ಷನ್‌ಗೆ ಮಾತ್ರ ನಿಲ್ಲಿಸಿ. ವೇರಿಯಬಲ್ ಆದರೆ ಹೆಸರಿನ ಶುರುವಿಗೆ ಅಂಡರ್‌ಸ್ಕೋರ್ ಹಾಕಿ. 2024ರಲ್ಲಿ ಬಂದ ರಸ್ಟ್ 1.81 ಆವೃತ್ತಿಯಿಂದ ‘ಅಲೋ’ ಬದಲು ಹಾಕಲು ‘ಎಕ್ಸ್‌ಪೆಕ್ಟ್’ ಕೂಡ ಇದೆ. ಯಾಕೆ ನಿಲ್ಲಿಸಿದಿರಿ ಎಂದು ಬರೆಯಲು ಅದರಲ್ಲೇ ಜಾಗವಿದೆ. ಮುಂದೆ ಆ ಕೋಡ್ ಬಳಕೆಗೆ ಬಂದರೆ, ಈ ಎಕ್ಸ್‌ಪೆಕ್ಟ್ ಇನ್ನು ಸುಳ್ಳು ಎಂದು ಕಂಪೈಲರೇ ಹೇಳುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ಇಡೀ ಕ್ರೇಟಿನ ಬಾಯಿಗೆ ಬಟ್ಟೆ ತುರುಕುವುದಾ?

ಇವತ್ತು ನನ್ನ ಬದಲಾವಣೆಯನ್ನು ರಿವ್ಯೂಗೆ ಕಳಿಸಿದೆ. ಬಂದ ಮೊದಲ ಮಾತು: ‘ವಾರ್ನಿಂಗ್ ತುಂಬಾ ಜಾಸ್ತಿ ಬರ್ತಿದೆ, ಆ ಸಾಲು ವಾಪಸ್ ಹಾಕಿ.’

ಹಾಕುವುದಿಲ್ಲ. ಒಂದೊಂದನ್ನೂ ಕೂತು ಸರಿ ಮಾಡುತ್ತೇನೆ, ಎಷ್ಟು ದಿನ ಹಿಡಿದರೂ ಸರಿ.