ಹೋದದ್ದು ಸರಿ, ಬರೋದು?

ಗೋಕಾಕದ ಅಣ್ಣನ ಮನೆ ಪಡಸಾಲೆಯಲ್ಲಿ ನನ್ನ ಮೊಬೈಲು ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಅಣ್ಣನ ಹತ್ತಿರ ಬಂತು. ಅವನು ಕನ್ನಡಕ ಹಣೆಗೇರಿಸಿದ. ಫೋಟೊ ದೊಡ್ಡದು ಮಾಡಿ ನೋಡಿದ, ಸಣ್ಣದು ಮಾಡಿ ನೋಡಿದ.

"ತಮ್ಮಾ, ಇಷ್ಟ ಏನೋ? ಇದನ್ನ ನೋಡಾಕ ಇಮಾನ ಹತ್ತಿ ಹೋಗಿದ್ಯಾ?"

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಗೋಕಾಕ ಫಾಲ್ಸ್ ಕಡೆಯವರ ಮುಂದೆ ತೂಗು ಸೇತುವೆಯ ಸುದ್ದಿ ತೆಗೆಯುವುದೂ ಒಂದೇ, ಬೆಳಗಾವಿಯವರಿಗೆ ಕುಂದಾ ತಂದು ಕೊಡುವುದೂ ಒಂದೇ. ಘಟಪ್ರಭೆಯ ಮೇಲಿನ ನಮ್ಮ ಸೇತುವೆ ಸುಮಾರು 200 ಮೀಟರ್ ಉದ್ದ. ಕೆಳಗೆ 14 ಮೀಟರಿಗೆ ಬಂಡೆ. ಅಲ್ಲಿಂದ ಸ್ವಲ್ಪ ಮುಂದೆ ಹೊಳೆ 52 ಮೀಟರ್ ಆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಆ ಕೆಂಪು ನೀರಿನ ಸದ್ದಿಗೆ ಪಕ್ಕದವನ ಮಾತು ಕೇಳುತ್ತಿರಲಿಲ್ಲ. ಹುಡುಗರಾಗಿದ್ದಾಗ ನಾವು ಅದರ ನಡುವೆ ನಿಂತು ಬೇಕಂತಲೇ ಕುಣಿದು, ಹಿಂದೆ ಬರುವವರಿಂದ ಬೈಸಿಕೊಂಡವರು. ಇನ್ನು ನನ್ನ ಮೊಬೈಲಿನಲ್ಲಿದ್ದ ಸೇತುವೆಯ ಉದ್ದ? 20 ಮೀಟರ್. ನಮ್ಮದರಲ್ಲಿ ಅಂಥವು ಹತ್ತು ಹಿಡಿಯುತ್ತವೆ.

ಅದರ ಹೆಸರು ಕ್ಯಾರಿಕ್-ಎ-ರೀಡ್. ಉತ್ತರ ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ, ಬ್ಯಾಲಿಂಟಾಯ್ ಎಂಬ ಸಣ್ಣ ಊರಿನ ಹತ್ತಿರ ಇದೆ. ಮಗಳ ಬಾಣಂತನಕ್ಕೆಂದು ಹೋದ ವರ್ಷ ನಾವಿಬ್ಬರೂ ಬೆಲ್‌ಫಾಸ್ಟಿನಲ್ಲಿದ್ದೆವು. ಬಾಣಂತನ ಮಾಡಿದ್ದು ಇವಳು. ನಾನು ಸುಮ್ನೆ ಕೂಸಿನ ತೊಟ್ಟಿಲು ತೂಗುತ್ತಾ, ಮಳೆ ಯಾವಾಗ ನಿಲ್ಲುತ್ತದೆ ಅಂತ ಕಿಟಕಿ ಕಾಯುತ್ತಿದ್ದೆ. ಒಂದು ಭಾನುವಾರ ಬಿಸಿಲು ಬಿತ್ತು. ಅಳಿಯ ಕಾರು ತೆಗೆದ. "ಮಾಮಾ, ನಿಮ್ಮ ಗೋಕಾಕದಂಥದೇ ಒಂದು ಬ್ರಿಜ್ ಐತಿ, ನಡೀರಿ" ಅಂದ. ನಾನು ನಕ್ಕೆ. ನಗಬಾರದಿತ್ತು.

ಕಾರು ನಿಲ್ಲಿಸಿದ ಜಾಗದಿಂದ ಸೇತುವೆಗೆ ಸುಮಾರು ಒಂದು ಕಿಲೋಮೀಟರ್ ನಡಿಗೆ. ಬಲಕ್ಕೆ ಹಸಿರು ಗುಡ್ಡ, ಎಡಕ್ಕೆ ಕಡಲು. ಕಡಲು ಅಂದರೆ ನಮ್ಮ ಗೋಕರ್ಣದ ಕಡಲಲ್ಲ. ಮರಳಿಲ್ಲ, ಕಾಲು ತೊಳೆಯುವ ಆಟವಿಲ್ಲ. ನೆಲ ಕತ್ತಿಯಿಂದ ಕಡಿದ ಹಾಗೆ ಒಮ್ಮೆಲೇ ಮುಗಿದುಬಿಡುತ್ತದೆ. ಕೆಳಗೆ ನೀರು ಕಪ್ಪು ಬಂಡೆಗೆ ಬಡಿದು ಬೆಳ್ಳಗಾಗುತ್ತಿರುತ್ತದೆ. ಇವಳು ದಾರಿ ಪಕ್ಕದ ಬಂಡೆಯನ್ನೊಮ್ಮೆ ಮುಟ್ಟಿ ನೋಡಿದಳು. ವಿಜಯಪುರದ ಕಡೆಯವಳು. "ರೀ, ಇದು ಗೋಳಗುಮ್ಮಟದ ಕಲ್ಲಿನಂಗ ಐತಲ್ರಿ" ಅಂದಳು. ಅಲ್ಲಿ ನಾನು ಹೂಂ ಅಂದು ಸುಮ್ಮನಾದೆ. ಆಮೇಲೆ ಓದಿದರೆ ಅವಳದೇ ಸರಿ. ಅಲ್ಲಿಯದೂ ಜ್ವಾಲಾಮುಖಿ ಕಲ್ಲೇ, ಸುಮಾರು 6 ಕೋಟಿ ವರ್ಷದ್ದು. ನಮ್ಮ ಎರೆ ಹೊಲಗಳ ಬುಡದಲ್ಲಿರುವ ಕಪ್ಪು ಕಲ್ಲು ಅದಕ್ಕಿಂತ ಒಂಚೂರು ಹಿರಿಯದು. ಅಲ್ಲಿ ಅದು ಕಡಲಿಗೆ ಗೋಡೆಯಾಗಿ ನಿಂತಿದೆ, ನಮ್ಮಲ್ಲಿ ಪುಡಿಯಾಗಿ ಜೋಳ ಬೆಳೆಯುತ್ತದೆ. ಯಾರದು ಮೇಲು ಅಂತ ಇವಳನ್ನು ಕೇಳಿದರೆ ಉತ್ತರ ಗೊತ್ತೇ ಇದೆ ಬಿಡಿ.

ಇಷ್ಟಕ್ಕೂ ಅಂಥ ಜಾಗದಲ್ಲಿ ಸೇತುವೆ ಯಾಕೆ ಬಂತು? ಮೀನಿಗಾಗಿ. ಸಾಲ್ಮನ್ ಎಂಬ ಮೀನು ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ವಾಪಸ್ಸಾಗುವಾಗ ಸೇತುವೆಯ ಆಚೆ ತುದಿಗಿರುವ ಬಂಡೆಯ ನಡುಗಡ್ಡೆಯನ್ನು ಸುತ್ತಿಕೊಂಡು ಹೋಗುತ್ತದೆ. ಬಲೆ ಬೀಸಲು ಅದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿ? ಕ್ಯಾರಿಕ್-ಎ-ರೀಡ್ ಅಂದರೆ ಬಲೆ ಬೀಸುವ ಬಂಡೆ ಅಂತಲೇ ಅರ್ಥ. ನಮ್ಮ ಕಡೆ ಆಗಿದ್ದರೆ ಬಲೆಗಲ್ಲು ಅಂತ ಕರೆದು ಮುಗಿಸುತ್ತಿದ್ದರು. 1755ರಲ್ಲಿ ಮೀನುಗಾರರು ಆ ಬಂಡೆಗೆ ಹಗ್ಗದ ಸೇತುವೆ ಕಟ್ಟಿದರು. 1970ರ ಸುಮಾರಿನಲ್ಲೂ ಹಿಡಿದುಕೊಳ್ಳಲು ಇದ್ದದ್ದು ಒಂದೇ ಬದಿಯ ಹಗ್ಗ, ಕಾಲಡಿಯ ಹಲಗೆಗಳ ನಡುವೆ ದೊಡ್ಡ ದೊಡ್ಡ ಸಂದಿ. ಅದರ ಮೇಲೆ ಮೀನಿನ ಹೊರೆ ಹೊತ್ತು ಗಾಳಿಯಲ್ಲಿ ಓಡಾಡುತ್ತಿದ್ದರು. 1960ರ ದಶಕದಲ್ಲಿ ಒಂದೇ ದಿನಕ್ಕೆ ಹತ್ತಿರಹತ್ತಿರ 300 ಮೀನು ಸಿಕ್ಕಿದ್ದೂ ಉಂಟು. 2002ರಲ್ಲಿ ಇಡೀ ಹಂಗಾಮಿಗೆ ಸಿಕ್ಕಿದ್ದು ಅಷ್ಟೇ. ಅಲ್ಲಿಗೆ ಬಲೆ ಮಡಚಿಟ್ಟರು. ಈಗ ಇರುವುದು 2008ರ ಸೇತುವೆ, ತಂತಿಹಗ್ಗ ಮತ್ತು ಮರದ ಹಲಗೆಯದು. ಮೀನು ಹೋಯಿತು, ನಮ್ಮಂಥವರು ಬಂದೆವು. ಟಿಕೆಟ್ ಬೇರೆ.

ಒಂದು ಸಲಕ್ಕೆ ಎಂಟೇ ಜನ. ಕಾವಲಿನವನು ಬೆರಳು ಮಡಚಿ ಎಣಿಸಿ ಬಿಡುತ್ತಿದ್ದ. ನಮ್ಮೂರಿನ ಟಂಟಂನವನಿಗೆ ಎಂಟು ಅಂದರೆ ಇನ್ನೂ ಬೋಣಿ ಆಗಿಲ್ಲ ಅಂತ. ಕೂಸನ್ನು ಎತ್ತಿಕೊಂಡ ಮಗಳೂ ಅಳಿಯನೂ ಈಚೆ ದಡದಲ್ಲೇ ಉಳಿದರು. "ಅಪ್ಪಾ, ಕೆಳಗ ನೋಡಬ್ಯಾಡ" ಅಂದಳು ಮಗಳು. ನಾನು ಗೋಕಾಕದವ ಅಂತ ನೆನಪು ಮಾಡಿಕೊಟ್ಟು ಕಾಲಿಟ್ಟೆ.

ಹೋಗುವಾಗ ಏನೂ ಅನಿಸಲಿಲ್ಲ. ನಿಜ. ಹಿಂದೆ ಆರು ಜನ ಬರುತ್ತಿದ್ದರು, ಮುಂದೆ ಇವಳ ಬೆನ್ನಿತ್ತು, ಐದಾರು ಉಸಿರಿನಲ್ಲಿ ದಾಟಿದ್ದಾಯಿತು. ನಡುಗಡ್ಡೆಯಲ್ಲಿ ಹುಲ್ಲಿತ್ತು, ಕಡಲ ಹಕ್ಕಿಗಳ ಗಲಾಟೆಯಿತ್ತು, ಬೆಸ್ತರ ಒಂದು ಪುಟ್ಟ ಬಿಳಿ ಮನೆಯಿತ್ತು. ಆಚೆಗೆ ರಾಥ್ಲಿನ್ ದ್ವೀಪ ಕಾಣುತ್ತಿತ್ತು. ಅದರಾಚೆ ಮಸುಕಾಗಿ ಸ್ಕಾಟ್ಲೆಂಡು. ಇವಳು ಚೀಲ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ರೊಟ್ಟಿ ಮುರಿದ ಸದ್ದಿಗೆ ಒಂದು ಹಕ್ಕಿ ತಿರುಗಿ ನೋಡಿತು.

ಆಗ ನಾನು ಸೇತುವೆಯ ಕಡೆ ತಿರುಗಿದೆ. ಈ ಕಡೆಯಿಂದ ಅದು ಬೇರೆಯೇ ಸೇತುವೆ. ಗಾಳಿ ಸ್ವಲ್ಪ ಜಾಸ್ತಿ ಆಗಿತ್ತು. ಹಲಗೆಗಳ ಕೆಳಗೆ 30 ಮೀಟರ್ ಆಳದಲ್ಲಿ ನೀರು ಬಂಡೆಯ ಸಂದಿಗೆ ನುಗ್ಗುವುದು, ಹೀರಿಕೊಂಡ ಹಾಗೆ ಹಿಂದೆ ಸರಿಯುವುದು, ಎಲ್ಲಾ ಸರಿಯಾಗಿ ಕಾಣುತ್ತಿತ್ತು. ವಾಪಸ್ ಹೋಗಲು ಬೇರೆ ದಾರಿ ಇಲ್ಲ. ಬರುವಾಗ ಕಾರಿನಲ್ಲಿ ಅಳಿಯ ಹೇಳಿದ ಮಾತು ಆಗಲೇ ನೆನಪಾಗಬೇಕೇ? ಈ ಸೇತುವೆಯಿಂದ ಯಾರೂ ಬಿದ್ದಿಲ್ಲವಂತೆ. ಆದರೆ ಆಚೆ ಹೋಗಿ, ತಿರುಗಿ ದಾಟುವ ಧೈರ್ಯ ಸಾಲದೆ ದೋಣಿಯಲ್ಲಿ ಬಂದವರು ಬೇಕಾದಷ್ಟು ಜನ ಇದ್ದಾರಂತೆ. ಹಾಗಾದರೆ ದೋಣಿ ಸಿಗುತ್ತದೆ ಅಂತಾಯಿತಲ್ಲ ಅಂತ ನಾನು ಕೆಳಗೆ ಹುಡುಕಿದೆ. ದೋಣಿ ಕಾಣಲಿಲ್ಲ.

200 ಮೀಟರಿನ ಮೇಲೆ ಕುಣಿದವನಿಗೆ 20 ಮೀಟರಿಗೆ ತೊಡೆ ನಡುಗುವುದು ಹೇಗೆ? ನನ್ನದೊಂದು ಸಮಜಾಯಿಷಿ ಇದೆ. ನಾಗರ ಪಂಚಮಿಗೆ ಹುಣಸಿ ಗಿಡಕ್ಕೆ ಹಾಕುವ ಜೋಕಾಲಿ ನೋಡಿ. ಹಗ್ಗ ಉದ್ದ, ಹೋಗುವುದೂ ನಿಧಾನ, ಬರುವುದೂ ನಿಧಾನ. ಮನೆಯೊಳಗಿನ ತೊಟ್ಟಿಲಿನ ಹಗ್ಗ ಗಿಡ್ಡ, ಅದಕ್ಕೇ ಅದು ಬೇಗಬೇಗ ತೂಗುತ್ತದೆ. ನಮ್ಮ ಫಾಲ್ಸಿನ ಸೇತುವೆ ಪಂಚಮಿ ಜೋಕಾಲಿ. ಇದು ತೊಟ್ಟಿಲು. ಮೇಲಾಗಿ ಎಂಟು ಜನರ ಹದಿನಾರು ಕಾಲು, ಒಬ್ಬೊಬ್ಬರದು ಒಂದೊಂದು ತಾಳ. ಕೂಸು ತೊಟ್ಟಿಲಲ್ಲಿ ಯಾಕೆ ಅಷ್ಟು ಅಳುತ್ತಿತ್ತು ಅಂತ ಅವತ್ತು ತಿಳಿಯಿತು.

"ಇನ್ನೊಂದೀಟ ಕುಂಡ್ರೂಣು, ಗಾಳಿ ಚಲೋ ಐತಿ" ಅಂದೆ.

ಇವಳು ನನ್ನ ಮುಖ ನೋಡಿದಳು. ಮೂವತ್ತೈದು ವರ್ಷದ ಸಂಸಾರ, ಹೆಚ್ಚು ಹೊತ್ತು ನೋಡಬೇಕಾಗಿಲ್ಲ. ಚೀಲ ಕಟ್ಟಿದಳು. "ಕೂಸು ಹಾದಿ ನೋಡತೈತಿ. ನಾ ಹೊಂಟೆ. ನೀವು ಮೀನಾ ಹಿಡಕೋತ ಇಲ್ಲೇ ಇರ್ರಿ" ಅಂದು ಎದ್ದೇಬಿಟ್ಟಳು.

ಆವತ್ತು ಅವಳು ಉಟ್ಟಿದ್ದು ಇಳಕಲ್ ಸೀರೆ. ಅದರ ಮೇಲೆ ಮಗಳ ಜಾಕೀಟು, ಕಾಲಲ್ಲಿ ಬೂಟು. ಜಾಕೀಟಿನ ಕೆಳಗಿನಿಂದ ಕೆಂಪು ಸೆರಗು ತಪ್ಪಿಸಿಕೊಂಡು ಗಾಳಿಗೆ ಪಟಪಟ ಬಡಿಯುತ್ತಿತ್ತು. ನಾನು ಕಡಲು ನೋಡಲಿಲ್ಲ, ಹಲಗೆ ನೋಡಲಿಲ್ಲ. ಎರಡೂ ಕೈ ತಣ್ಣನೆಯ ಹಗ್ಗಕ್ಕೆ ಅಂಟಿಸಿ ಆ ಸೆರಗನ್ನೇ ನೋಡುತ್ತಾ ಹೆಜ್ಜೆ ಹಾಕಿದೆ. ಇಳಕಲ್ ಸೆರಗಿನ ಮೇಲೆ ಜೋಳದ ತೆನೆಯ ಹಾಗೆ ಬಿಳಿ ನೇಯ್ಗೆ ಇರುತ್ತದಲ್ವಾ, ಅದನ್ನು ಎಣಿಸತೊಡಗಿದೆ. ಗಾಳಿಗೆ ಸೆರಗು ಮಡಚಿ ಲೆಕ್ಕ ತಪ್ಪುತ್ತಿತ್ತು. ಮತ್ತೆ ಒಂದರಿಂದ ಶುರು. ಆ ಸೀರೆಯಲ್ಲಿ ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಗಟ್ಟಿ ಅಂದರೆ ಗಟ್ಟಿ. ಹಗ್ಗದ ಮೇಲೆ ಇಲ್ಲದ ನಂಬಿಕೆ ನನಗೆ ಆ ಕೊಂಡಿಯ ಮೇಲಿತ್ತು. ನಾಲ್ಕನೇ ಸಲ ಏಳರವರೆಗೆ ಎಣಿಸಿದಾಗ ಬೂಟಿನ ಕೆಳಗೆ ಕಲ್ಲು ಸಿಕ್ಕಿತು.

ಮಗಳು ಆ ಕಡೆಯಿಂದ ಫೋಟೊ ತೆಗೆದಿದ್ದಳು. ಅಣ್ಣನ ಕೈಯಲ್ಲಿದ್ದದ್ದು ಅದೇ.

"ಅಂಜಿಕಿ ಬಂತೇನು?" ಅಂತ ಅತ್ತಿಗೆ ಕೇಳಿದರು.

"ಎಲ್ಲೀದು ಅಂಜಿಕಿ ತಗೀರಿ. ನಮ್ಮ ಫಾಲ್ಸ್ ಮುಂದ ಅದೇನ್ರಿ ವೈನಿ?" ಅಂದೆ.

ಇವಳು ಕರದಂಟಿನ ತಾಟು ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಏನೂ ಅನ್ನಲಿಲ್ಲ. ಅಷ್ಟರಲ್ಲಿ ಅಣ್ಣನ ಮೊಮ್ಮಗ ಮೊಬೈಲು ಕಿತ್ತುಕೊಂಡು, ಎರಡು ಬೆರಳಲ್ಲಿ ಫೋಟೊ ಎಳೆದೆಳೆದು ನೋಡಿದ.

"ಇಲ್ಲಿ ಬರೇ ಸಣ್ಣಾಯಿ ಅದಾಳ. ನೀ ಎಲ್ಲದಿ?"

"ಛಲೋತ್ನಂಗ ನೋಡಪಾ," ಅಂದಳು ಇವಳು, ತಾಟನ್ನು ನನ್ನ ಮುಂದಿಡುತ್ತಾ. "ಆ ಸೆರಗಿನ ಹಿಂದ ಇರಬೇಕು."