1838ರ ಪಾಪಕ್ಕೆ ಇಂದಿನ ವಿದ್ಯಾರ್ಥಿ ಫೀಸು ಕಟ್ಟಬೇಕೇ?

ಪರ: ಕಟ್ಟಲಿ, ತಾವೇ ಒಪ್ಪಿದ್ದಲ್ವಾ?

ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಾದ್ರಿ ಸಂಘದ ಸಂಸ್ಥೆ. 1838ರಲ್ಲಿ ಕಾಲೇಜು ಸಾಲದಲ್ಲಿತ್ತು. ಮೇರಿಲ್ಯಾಂಡಿನ ಜೆಸ್ಯೂಟರು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು 1,15,000 ಡಾಲರಿಗೆ ಲೂಸಿಯಾನಕ್ಕೆ ಮಾರಿದರು. ಎರಡು ತಿಂಗಳ ಕೂಸನ್ನೂ ಬಿಡಲಿಲ್ಲ. ಸಂಸಾರಗಳನ್ನು ಒಡೆಯಬೇಡಿ, ಬಂದ ದುಡ್ಡಲ್ಲಿ ಸಾಲ ತೀರಿಸಬೇಡಿ ಅಂತ ರೋಮಿನಲ್ಲಿದ್ದ ಅವರ ಮೇಲಿನವರು ಷರತ್ತು ಹಾಕಿದ್ದರು. ಎರಡನ್ನೂ ಮುರಿದರು. ಬಂದ ದುಡ್ಡಿನಲ್ಲಿ ಒಂದು ಪಾಲು ಕಾಲೇಜಿನ ಸಾಲಕ್ಕೇ ಹೋಯಿತು.

2017ರಲ್ಲಿ ವಿಶ್ವವಿದ್ಯಾಲಯದವರೂ ಜೆಸ್ಯೂಟರೂ ಪ್ರಾರ್ಥನೆ ನಡೆಸಿ ಕ್ಷಮೆ ಕೇಳಿದರು. ಮಾರಾಟ ಮಾಡಿಸಿದ ಪಾದ್ರಿ ಮಲ್ಲೆಡಿ ಹೆಸರಿದ್ದ ಕಟ್ಟಡಕ್ಕೆ ಐಸಾಕ್ ಹಾಕಿನ್ಸ್ ಹೆಸರಿಟ್ಟರು. ಮಾರಾಟದ ಪಟ್ಟಿಯಲ್ಲಿ ಮೊದಲು ಇರುವ ಹೆಸರು ಅದು. ಒಳ್ಳೆಯದೇ. ಆದರೆ ಬೋರ್ಡು ಬದಲಿಸಲು ಪೇಂಟರ್ ಸಾಕು. ಮಾರಿದ ಆ ಗುಲಾಮರ ವಂಶಸ್ಥರಿಗೆ ಪ್ರವೇಶದಲ್ಲಿ ಆದ್ಯತೆಯಂತೆ. ವರ್ಷಕ್ಕೆ 50,000 ಡಾಲರ್ ದಾಟುವ ಫೀಸು ಯಾರು ಕಟ್ಟಬೇಕು?

2019ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳೇ ಮತ ಹಾಕಿದರು. ಪ್ರತಿ ಸೆಮಿಸ್ಟರಿಗೆ 27.20 ಡಾಲರ್ ಕಟ್ಟುತ್ತೇವೆ, ಅದು ಆ 272 ಜನರ ವಂಶಸ್ಥರಿಗೆ ಹೋಗಲಿ ಅಂತ. ಮತ ಹಾಕಿದವರಲ್ಲಿ ಸುಮಾರು ಮೂರನೇ ಎರಡು ಭಾಗ ಹೂಂ ಅಂದರು. ಆಡಳಿತ ಅಕ್ಟೋಬರಿನಲ್ಲಿ ಏನಂದಿತು? ಫೀಸು ಬೇಡ, ದೇಣಿಗೆ ಎತ್ತಿ ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್ ಕೂಡಿಸುತ್ತೇವೆ. ದೇಣಿಗೆ ಅಂದರೆ ಮನಸ್ಸಿದ್ದರೆ ಕೊಡು, ಇಲ್ಲದಿದ್ದರೆ ಬಿಡು. ಬ್ಯಾಂಕಿನವರು ನಮ್ಮ ಸಾಲಕ್ಕೆ ಹೀಗಂದಾರೇ?

"ನಮ್ಮಪ್ಪ ಗುಲಾಮರನ್ನು ಇಟ್ಟುಕೊಂಡಿರಲಿಲ್ಲ" ಅನ್ನುವ ರಾಗ ಕೇಳಿ ಕಿವಿ ತೂತಾಗಿದೆ. ಎರಡು ಪಿಜ್ಜಾದ ದುಡ್ಡಿಗೆ ಇಷ್ಟು ಗೋಳಾಟ ಬೇಡ. ಕಾಲೇಜಿನ ಹೆಸರು ಬೇಕು, ಅದರ ಸಾಲ ಬೇಡ ಅಂದರೆ ಹೇಗೆ?

ವಿರೋಧ: ಮಾರಿದವರು ಕೊಡಲಿ

ವಿರೋಧವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಅನ್ಯಾಯ ಆಗಿಲ್ಲ ಅನ್ನಲು ನನ್ನಿಂದಾಗದು. ಫೀಸಿನ ಮಾತಿಗೆ ಮಾತ್ರ ನನ್ನ ತಕರಾರು.

ಮಗಳನ್ನು ಬೆಂಗಳೂರಿನ ಒಂದು ಕಾಲೇಜಿಗೆ ಸೇರಿಸಿದಾಗ ರಸೀದಿಯಲ್ಲಿ "ಇತರೆ" ಅಂತ ಒಂದು ಸಾಲು ಇತ್ತು. ಏನಿದು ಅಂತ ಕೇಳಿದೆ. ಗುಮಾಸ್ತರು ಕನ್ನಡಕ ಮೇಲೆ ಸರಿಸಿ, "ಸಾರ್, ಎಲ್ಲರೂ ಕಟ್ಟುತ್ತಾರೆ" ಅಂದರು. ಮರುವರ್ಷ ಆ ಮೊತ್ತ ಜಾಸ್ತಿಯಾಯಿತು. ಅದರ ಮರುವರ್ಷ "ಇತರೆ" ಎರಡು ಸಾಲಾಯಿತು! ಹೆಂಡತಿ "ಸುಮ್ನೆ ಕಟ್ರೀ, ಹಿಂದೆ ಕ್ಯೂ ಇದೆ" ಅಂದಳು. ಕಟ್ಟಿದೆ. ಆ ದುಡ್ಡು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ರಸೀದಿಗೆ ಒಮ್ಮೆ ಹತ್ತಿದ ಸಾಲು ಮತ್ತೆ ಇಳಿಯುವುದಿಲ್ಲ.

ಜಾರ್ಜ್‌ಟೌನಿನಲ್ಲಿ ಹಾಗಾಗುತ್ತಿರಲಿಲ್ಲ ಅನ್ನಬಹುದು. ಇರಲಿ. ಇನ್ನೊಂದು ಮಾತು. 2019ರಲ್ಲಿ ಕೈ ಎತ್ತಿದ ಹುಡುಗರು ಓದು ಮುಗಿಸಿ ಹೊರಟುಹೋದರು. ಕಟ್ಟುತ್ತಾ ಇರಬೇಕಾದವರು ಮತವೇ ಹಾಕದ ಮುಂದಿನವರು. ಮನೆ ಅಡವಿಟ್ಟು ಸಾಲ ಮಾಡಿ ಹೋದ ನಮ್ಮ ಕಡೆಯ ಹುಡುಗನೂ ಅದರಲ್ಲಿರಬಹುದು.

ಮಾರಿದವರು ಜೆಸ್ಯೂಟರು, ಅವರ ಸಂಘ ಇವತ್ತಿಗೂ ಇದೆ. 2021ರಲ್ಲಿ ವಂಶಸ್ಥರ ಜೊತೆ ಸೇರಿ ಕಟ್ಟಿದ ಪ್ರತಿಷ್ಠಾನಕ್ಕೆ 10 ಕೋಟಿ ಡಾಲರ್ ಕೂಡಿಸಿಕೊಡುತ್ತೇವೆ ಅಂತ ಅವರೇ ಮಾತು ಕೊಟ್ಟಿದ್ದಾರೆ. ವಸೂಲಿ ಮಾಡುವುದಿದ್ದರೆ ಅಲ್ಲಿ ಮಾಡಿ.